ಬೆನ್ನು ನೋಡುವವರು

ಸ್ನಾನ ಮಾಡುವಾಗ ಬೆನ್ನಿನ ನಟ್ಟನಡುವೆ ಅಂಗೈಯಗಲದ ಜಾಗವೊಂದು ಸಾಬೂನಿಗೆ ಸಿಗದೆ ಉಳಿದುಬಿಡುತ್ತದೆ. ನಿಮಗೂ ಉಳಿದಿರಬೇಕು, ಸಂಕೋಚ ಬೇಡ. ಮುಖಕ್ಕೆ ಕನ್ನಡಿಯಿದೆ, ಹೊಟ್ಟೆಗಂತೂ ಸಕಲೋಪಚಾರ. ಬೆನ್ನು ಮಾತ್ರ ಆಜನ್ಮ ಪರಾಧೀನ.

ಪುಣೆಯ ಮಾರ್ಕೆಟ್ ಯಾರ್ಡಿನ ಹತ್ತಿರದ ಮನೆಯಲ್ಲಿ, ಹೆಂಡತಿ ತೀರಿಕೊಂಡ ಮೇಲೆ, ನಾನೊಬ್ಬನೇ. ಅವಲಕ್ಕಿ ಡಬ್ಬಿ ಇಳಿಸಲು ಎತ್ತಿದ ಬಲಗೈ ಕಿವಿಯ ಮಟ್ಟಕ್ಕೆ ಬಂದು, ಸರಕಾರಿ ಕಡತದಂತೆ, ಅಲ್ಲೇ ನಿಂತುಬಿಡತೊಡಗಿತು. ಜೊತೆಗೆ ಹೆಗಲು ನೋವು. ಒಬ್ಬ ವೈದ್ಯರು ಕೀಲು ಹಿಡಿದಿದೆ ಎಂದರು, ಇನ್ನೊಬ್ಬರು ಕುತ್ತಿಗೆಯ ದೋಷವೆಂದರು. ಮಾತ್ರೆ, ಮುಲಾಮು, ಸೂಜಿ ಎಲ್ಲವೂ ಆದವು. ಅಂಗಿ ಕಳಚಿ ಹಿಂದೆ ತಿರುಗಿರಿ ಎಂದು ಮಾತ್ರ ಯಾರೂ ಹೇಳಲಿಲ್ಲ.

ಕೊನೆಗೆ ಫಿಜಿಯೋಥೆರಪಿಯ ತರುಣಿಯೊಬ್ಬಳು ಅಂಗಿ ತೆಗೆಸಿ, ಎರಡೂ ಅಂಗೈಯಿಂದ ಗೋಡೆ ದೂಡಲು ಹೇಳಿದಳು. ದೂಡಿದರೆ, ಬಲ ಹೆಗಲಿನ ಹಲಗೆಯೆಲುಬು ಬೆನ್ನಿನಿಂದೆದ್ದು ರೆಕ್ಕೆಯ ಹಾಗೆ ನಿಂತಿತಂತೆ! ಕೀಲು ನೆಟ್ಟಗಿದೆ, ಎಲುಬನ್ನು ಹಿಡಿದಿಡುವ ಸ್ನಾಯುವಿನ ನರ ಸೋತಿದೆ ಎಂದು ವಿವರಿಸಿ, ಮರಾಠಿಯಲ್ಲಿ ಕೇಳಿದಳು: "ಕಾಕಾ, ಇಷ್ಟು ದಿವಸ ಮನೆಯಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲವೇ?"

ದೀಪಾವಳಿಯ ನಸುಕಿನಲ್ಲಿ ಎಣ್ಣೆ ತಿಕ್ಕುತ್ತ, "ಎಷ್ಟ್ ಎಣ್ಣಿ ಕುಡೀತದ್ರಿ ನಿಮ್ಮ ಬೆನ್ನು!" ಎಂದು ಗೊಣಗುತ್ತಿದ್ದವಳು ಇದ್ದಿದ್ದರೆ ಆಗಲೇ ಹಿಡಿಯುತ್ತಿದ್ದಳು. ಈಗ ಹಬ್ಬದ ಎಣ್ಣೆ ನೆತ್ತಿಗಷ್ಟೇ. ಅಂಗಿಯ ಗುಂಡಿ ಹಾಕಿಕೊಳ್ಳುತ್ತ ನನಗೆ, ಈ ವಯಸ್ಸಿನಲ್ಲಿ, ಆ ಹುಡುಗಿಯ ಎದುರಿಗೇ ಅಳು ಬಂತು.

ಗೋಡೆ ದೂಡುವ ವ್ಯಾಯಾಮ ಕೊಟ್ಟು, ರೆಕ್ಕೆ ಕೂರುತ್ತಿದೆಯೋ ಇಲ್ಲವೋ ಯಾರಿಂದಲಾದರೂ ನೋಡಿಸಿರಿ ಎಂದಳು. ಯಾರಿಂದ? ಮೇಲಂತಸ್ತಿನಲ್ಲಿ ಬೆಲ್ಲದ ವ್ಯಾಪಾರಿ ಪಾಟೀಲರಿದ್ದಾರೆ. ಸಂಸಾರ ವಿಜಯಪುರದಲ್ಲಿ, ಇಲ್ಲಿ ಅವರೊಬ್ಬರೇ. ಲಿಫ್ಟಿನಲ್ಲಿ "ಆರಾಮೇನ್ರಿ?" "ಆರಾಮ್ರಿ" ಎಂಬುದರಾಚೆ ನಮ್ಮ ಸ್ನೇಹ ಹೋದದ್ದಿಲ್ಲ. ಅಂಥವರ ಮುಂದೆ ಅಂಗಿ ಬಿಚ್ಚುವುದೆಂದರೆ! ಹಲವು ಸಲ ಅವರ ಬಾಗಿಲ ತನಕ ಹೋಗಿ ತಿರುಗಿ ಬಂದೆ. ಒಂದು ರವಿವಾರ ಗಂಟೆ ಒತ್ತಿಯೇಬಿಟ್ಟೆ.

ಅವರ ಗೋಡೆಯನ್ನು ನಾನು ದೂಡುತ್ತಿರಲು ಪಾಟೀಲರು ಕನ್ನಡಕ ಏರಿಸಿ, ಬೆಲ್ಲದ ಪೆಂಟೆ ನೋಡುವವರಂತೆ ಬಹಳ ಹೊತ್ತು ಪರೀಕ್ಷಿಸಿದರು.

"ಇನ್ನೂ ಭಾಳ ಎದ್ದದ್ರಿ. ಇರ್ಲಿ, ಆಗಾಗ ಬರ್ತಿರ್ರಿ, ನಾ ನೋಡ್ತೀನಿ."

ನಾನು ಅಂಗಿ ಎತ್ತಿಕೊಳ್ಳುವಷ್ಟರಲ್ಲಿ ಅವರೇ ತಮ್ಮ ಬನಿಯನ್ ಕಳಚಿ, ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು.

"ನಂದೂ ಒಂದೀಟು ನೋಡ್ರಿ."

"ನಿಮಗೂ ನೋವದ ಏನ್ರಿ?"

"ಇಲ್ರಿ. ಸುಮ್ನ ನೋಡ್ರಿ."

ನೋಡಿದೆ. ಎಲುಬುಗಳೆಲ್ಲ ನೆಟ್ಟಗಿದ್ದವು. ನಟ್ಟನಡುವೆ, ಅಂಗೈಯಗಲದಷ್ಟು, ನೀರೂ ಸಾಬೂನೂ ಸರಿಯಾಗಿ ಮುಟ್ಟದ ಒಣ ಜಾಗ ಅವರಿಗೂ ಇತ್ತು. ಅಲ್ಲಿ ಅಂಗೈಯಿಟ್ಟೆ.