ಫೋನಿನಲ್ಲಿ ಕೇಳಿದ ಓದು

ಏಪ್ರಿಲ್‌ನಲ್ಲಿ ಫಲಿತಾಂಶದ ದಿನ ಮುಖ್ಯ ಶಿಕ್ಷಕಿ ನನ್ನನ್ನೂ ನನ್ನ ಹೆಂಡತಿಯನ್ನೂ ಎದುರು ಕೂರಿಸಿಕೊಂಡು ಆಡಿದ ಮಾತನ್ನು, ಅವರು ಆಡಿದಂತೆಯೇ ಇಲ್ಲಿ ಬರೆಯುತ್ತೇನೆ.

"ನಿಯಮದ ಪ್ರಕಾರ ನಾವ್ ಯಾರನ್ನೂ ಫೇಲ್ ಮಾಡಂಗಿಲ್ರಿ. ಆದರ ನಿಮ್ಮ ದೊಡ್ಡಾಕಿಗಿ ಸರಿಯಾಗಿ ಓದಾಕ ಬರವಲ್ದು. ಶಾಲಿ ತೆರೆದ ದಿನ ಕರಕೊಂಡು ಬರ್ರಿ, ಒಂದು ಪುಟ ಓದಸ್ತೀನಿ. ಓದಿದ್ಲು ಅಂದ್ರ ಮೂರನೇತ್ತಕ್ಕ ಹೋಗ್ತಾಳ. ಇಲ್ಲಾಂದ್ರ ನೀವೇ ಒಪ್ಪಿ ಬರಕೊಡ್ರಿ, ಇನ್ನೊಂದು ವರ್ಷ ಎರಡನೇತ್ತದಾಗೇ ಕೂಡಲಿ. ಆಕಿಗೇ ಛಲೋ ಆಗ್ತದ."

ನಮ್ಮ ಚಿಕ್ಕ ಮಗಳು ದೊಡ್ಡವಳಿಗಿಂತ ಒಂದೇ ವರ್ಷ ಸಣ್ಣವಳು. ಅದೇ ಶಾಲೆಯಲ್ಲಿ ಒಂದನೆಯ ತರಗತಿ ಮುಗಿಸಿದ್ದಳು. ಅಂಗಡಿಯ ಬೋರ್ಡು, ಬಿಸ್ಕಿಟ್ ಪೊಟ್ಟಣ, ಗೋಡೆಯ ಮೇಲಿನ ಚುನಾವಣೆ ಬರಹ, ಕಂಡದ್ದನ್ನೆಲ್ಲ ಓದುವವಳು. ಜೂನ್‌ನಲ್ಲಿ ಅವಳು ಎರಡನೆಯ ತರಗತಿಗೆ ಬರುತ್ತಾಳೆ. ಇದನ್ನು ಮುಖ್ಯ ಶಿಕ್ಷಕಿ ಹೇಳಲಿಲ್ಲ, ನಾವೂ ಹೇಳಲಿಲ್ಲ. ಬಾಗಿಲ ಬಳಿ ನಿಂತಿದ್ದ ದೊಡ್ಡವಳು ಸ್ಕೂಟರಿನ ಹಿಂದೆ ಕೂತ ಮೇಲೆ ನನ್ನ ಬೆನ್ನಿಗೆ ಬಾಯಿಟ್ಟು ಕೇಳಿದಳು.

"ಅಪ್ಪಾ, ಆಕಿನೂ ನಾನೂ ಒಂದೇ ಬೆಂಚಿನ್ಯಾಗ ಕೂಡಬೇಕಾ?"

"ಇಲ್ಲ," ಎಂದೆ. ಯಾವ ಆಧಾರದ ಮೇಲೆ ಹಾಗೆ ಹೇಳಿದೆನೋ ಗೊತ್ತಿಲ್ಲ. ಆಧಾರವಿಲ್ಲದ ಸಾಲನ್ನು ನಾನು ಸುದ್ದಿಯಲ್ಲಿ ಬರೆಯುವುದಿಲ್ಲ.

ನಾನು ಬಸವಕಲ್ಯಾಣದಲ್ಲಿ ಒಂದು ಪತ್ರಿಕೆಯ ವರದಿಗಾರ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಇಬ್ಬರೂ ಹೊರಗೆ ದುಡಿಯುವ ಮನೆಯಲ್ಲಿ ಸೂಟಿ ಬಂತೆಂದರೆ ಮಕ್ಕಳು ಹುಮನಾಬಾದ್‌ಗೆ, ಅಜ್ಜಿಯ ಮನೆಗೆ. ಅದರ ಬಗ್ಗೆ ಚರ್ಚೆಯೇ ಇರುವುದಿಲ್ಲ. ಹಿಂದಿನ ಬೇಸಿಗೆಯಲ್ಲೂ ಹಾಗೇ ಹೋಗಿದ್ದರು. ಹೋಗುವಾಗ ದೊಡ್ಡವಳಿಗೆ ಕಾಗುಣಿತ ಬರುತ್ತಿತ್ತು. ತಿರುಗಿ ಬಂದಾಗ 'ಕಿ' ಯಾವುದು 'ಕೀ' ಯಾವುದು ಎಂದು ನನ್ನ ಮುಖ ನೋಡಿದಳು. ಅದನ್ನು ಮತ್ತೆ ಕಟ್ಟಲು ಸಂಕ್ರಾಂತಿಯವರೆಗೆ ಹಿಡಿಯಿತು. ಈಗಷ್ಟೇ ಅಕ್ಷರಕ್ಕೆ ಅಕ್ಷರ ಕೂಡಿಸಿ, ಒತ್ತಕ್ಷರ ಬಂದಲ್ಲಿ ಎಡವಿ, ಒಂದು ಸಾಲು ಮುಗಿಸಿ ನಿಟ್ಟುಸಿರು ಬಿಡುವ ಮಟ್ಟಕ್ಕೆ ಬಂದಿದ್ದಳು. ಇನ್ನೊಂದು ಬೇಸಿಗೆ ಹಾಗೇ ಕಳೆದರೆ ಉಳಿಯುವುದು ಏನೂ ಇಲ್ಲ.

ಹಾಗಾಗಿ ಈ ಸಲ ಬಟ್ಟೆಯ ಚೀಲದ ಜೊತೆ ಹಳೆಯ ಪಠ್ಯಪುಸ್ತಕ, ನಾಲ್ಕಾರು ತೆಳ್ಳನೆಯ ಕಥೆ ಪುಸ್ತಕಗಳನ್ನೂ ಕಳಿಸಿದೆ. ಅತ್ತೆಗೆ ಹೇಳಿದೆ: ದಿನಾ ಒಂದು ಪುಟ. ಸಂಜೆ ನಾನು ಫೋನ್ ಮಾಡುತ್ತೇನೆ, ಆ ಪುಟವನ್ನು ದೊಡ್ಡವಳು ನನಗೆ ಓದಿ ಹೇಳಬೇಕು.

"ಫಿಕರ್ ಮಾಡಬ್ಯಾಡ್ರಿ, ಅಳಿಯಾರ," ಎಂದರು ಅತ್ತೆ. "ಒಂದು ಪುಟ ಅಲ್ಲ, ಎರಡು ಬರೂ ಹಂಗ ಮಾಡ್ತೀನಿ."

ಅವರದು ಗುಂಡಿ ಒತ್ತುವ ಹಳೆಯ ಫೋನು. ಮುಖ ಕಾಣುವುದಿಲ್ಲ, ದನಿ ಮಾತ್ರ. ಸಂಜೆ ಸುದ್ದಿ ಕಳಿಸುವ ಹೊತ್ತಿನಲ್ಲಿ ಒಂದು ಕಿವಿಗೆ ಫೋನು ಒತ್ತಿಕೊಂಡು ಕೇಳುತ್ತಿದ್ದೆ. ಮೊದಲು ತಡವರಿಕೆ ಇತ್ತು. ಒಂದು ವಾರದಲ್ಲಿ ಕಡಿಮೆಯಾಯಿತು. ಛತ್ರಿ ರಿಪೇರಿ ಮಾಡುವವನೊಬ್ಬನ ಕಥೆಯನ್ನು ಅವಳು ಎಲ್ಲೂ ನಿಲ್ಲದೆ ಓದಿ ಮುಗಿಸಿದ ಸಂಜೆ, ನಾನು ಆಸ್ಪತ್ರೆಗೇ ಹೋಗಿ ಹೆಂಡತಿಗೆ ಹೇಳಿ ಬಂದೆ. ಅವಳು ಕೈಯಲ್ಲಿದ್ದ ಟ್ರೇ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮೇ ಮೂರನೆಯ ವಾರ ಹುಮನಾಬಾದ್‌ನಲ್ಲಿ ನೀರಿಗಾಗಿ ರಸ್ತೆ ತಡೆ ನಡೆಯಿತು. ಅಲ್ಲಿನ ವರದಿಗಾರ ರಜೆಯಲ್ಲಿದ್ದರು. ನನ್ನನ್ನು ಕಳಿಸಿದರು. ಕೆಲಸ ಮುಗಿಸಿ, ಹೇಳದೆ ಕೇಳದೆ ಅತ್ತೆಯ ಮನೆಗೆ ಹೋದೆ.

ಅಂಗಳದಲ್ಲಿ ಶಾವಿಗೆ ನಡೆದಿತ್ತು. ಓಣಿಯ ಹೆಂಗಸರು ಸುತ್ತ ಕೂತು ಹಿಟ್ಟು ಎಳೆಯುತ್ತಿದ್ದರು. ಹೊರಸಿನ ಮೇಲೆ ಹಾಸಿದ ಬಿಳಿ ಪಂಚೆಯಲ್ಲಿ ಎಳೆಗಳು ಒಣಗುತ್ತಿದ್ದವು. ನಡುವೆ ನನ್ನ ಇಬ್ಬರೂ ಮಕ್ಕಳು. ಪುಸ್ತಕ ಇದ್ದದ್ದು ಚಿಕ್ಕವಳ ತೊಡೆಯ ಮೇಲೆ. ಅವಳು ಒಂದು ಸಾಲು ಓದುತ್ತಿದ್ದಳು. ದೊಡ್ಡವಳು ಹಿಟ್ಟಿನ ಉಂಡೆ ಕೊಡುತ್ತ, ಪುಸ್ತಕದ ಕಡೆ ನೋಡದೆ, ಅದನ್ನು ಹಿಂದೆ ಹೇಳುತ್ತಿದ್ದಳು. ಮತ್ತೆ ಅದೇ ಸಾಲು. ಮೂರನೆಯ ಸಲ ಹೆಂಗಸರೂ ದನಿ ಕೂಡಿಸಿದರು. ಆಮೇಲೆ ಮುಂದಿನ ಸಾಲು.

ಭಜನೆ ಮೇಳದವರು ಪದ ಕಲಿಯುವ ಕ್ರಮ ಇದು. ಅಕ್ಷರ ಬಾರದ ಅತ್ತೆ ಅಂಥ ಮೇಳದಲ್ಲಿ ಹಾಡುತ್ತ ಮುಪ್ಪಾದವರು.

"ಪೇಪರ್‌ನವರು ಬಂದ್ರು, ಬಾಯಿ ಮುಚ್ಕೋರಿ," ಎಂದಳು ಮಕ್ಕಳು ಆಯಿ ಎಂದು ಕರೆಯುವ ಎದುರುಮನೆಯ ಮುದುಕಿ. "ನಾಳಿಗಿ ನಮ್ಮ ಶ್ಯಾವಿಗಿ ಸುದ್ದಿ ಬಂದೀತು."

"ಬರಲಿ ಬಿಡ. ಫೋಟೋ ಛಲೋ ತಗೀರಪ್ಪಾ, ಇಕಿದು ಮಾತ್ರ ತಗೀಬ್ಯಾಡ್ರಿ, ಹಲ್ಲಿಲ್ಲ," ಎಂದು ಇನ್ನೊಬ್ಬಳು ಆಯಿಯ ಕಡೆ ಕೈ ಮಾಡಿದಳು. ಎಲ್ಲರೂ ನಕ್ಕರು.

ನಾನು ಚೀಲದಿಂದ ಅಂದಿನ ಪತ್ರಿಕೆ ತೆಗೆದು ದೊಡ್ಡವಳ ಕೈಗೆ ಕೊಟ್ಟೆ. ನಾನೇ ಬರೆದ ಸಣ್ಣ ಸುದ್ದಿಯೊಂದನ್ನು ತೋರಿಸಿದೆ. ಮೋರಖಂಡಿಯ ರೈತರಿಗೆ ಸೋಯಾ ಬೀಜ ವಿತರಣೆಯ ಸುದ್ದಿ. "ಓದವ್ವ," ಎಂದೆ.

ಅವಳು ಬೆರಳಿಟ್ಟಳು. "ಬಸವಕಲ್ಯಾಣ," ಎಂದಳು. ಅದು ಅವಳಿಗೆ ಗೊತ್ತಿತ್ತು. ಬಸ್ಸಿನ ಮೇಲೆ, ಶಾಲೆಯ ಮೇಲೆ ದಿನಾ ನೋಡಿದ ಪದ. ಬೆರಳು ಮುಂದೆ ಸರಿಯಿತು, ಬಾಯಿಯೂ ಸರಿಯಿತು.

"ಬಸವಕಲ್ಯಾಣ: ನಗರದಲ್ಲಿ ಕುಡಿಯುವ ನೀರಿನ ಸಮಸ್ಯೆ ತೀವ್ರವಾಗಿದ್ದು, ಅಧಿಕಾರಿಗಳು ಕೂಡಲೇ ಕ್ರಮ ಕೈಗೊಳ್ಳಬೇಕು ಎಂದು ಸಾರ್ವಜನಿಕರು ಆಗ್ರಹಿಸಿದ್ದಾರೆ."

ಎಲ್ಲೂ ತಪ್ಪಿಲ್ಲದ ವಾಕ್ಯ. ಸಂಜೆ ಹೊತ್ತು ನಾನು ಮನೆಯಲ್ಲಿ ಕೂತು ಫೋನಿನಲ್ಲಿ ಸುದ್ದಿ ಹೇಳಿ ಬರೆಸುವುದನ್ನು ಕೇಳಿ ಕೇಳಿ ಕಲಿತದ್ದು. ಆ ಹಾಳೆಯಲ್ಲಿ ನೀರಿನ ಮಾತೇ ಇರಲಿಲ್ಲ.

"ಅಬಾಬಾ, ಎಷ್ಟ್ ಚಂದ ಓದ್ತಾಳ!" ಎಂದಳು ಆಯಿ.

ಚಿಕ್ಕವಳು ಹಾಳೆಯೊಳಗೆ ಇಣುಕಿದಳು, ಆಮೇಲೆ ನನ್ನನ್ನು ನೋಡಿದಳು. ದೊಡ್ಡವಳು ತಲೆ ಎತ್ತಲಿಲ್ಲ. ಬೆರಳು ಅಲ್ಲೇ ಇತ್ತು. ಹಿಂದಿನ ಬೇಸಿಗೆ ನನಗೆ ನೆನಪಾಯಿತು.

ಹೆಂಗಸರು ಹೋದ ಮೇಲೆ, ಓದಿಸದೆ ಬರೀ ಹೇಳಿಸಿದ್ದೇಕೆ ಎಂದು ಅತ್ತೆಯನ್ನು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ತಿಳಿಯಲಿಲ್ಲ.

"ನೀವ್ ಅಂದಿದ್ದು ದಿನಾ ಒಂದು ಪುಟ ಬರಬೇಕು ಅಂತ. ಬಂದದಲ್ರಿ? ಒಬ್ಬಾಕಿ ಮುಂದ ಹೇಳ್ತಾಳ, ಉಳದಾಕಿ ಹಿಂದ ಹೇಳ್ತಾಳ. ನಾಕು ಸರ್ತಿ ಹೇಳಿದ್ರ ಹೊಟ್ಟಿಗಿ ಇಳೀತದ. ನಾವೆಲ್ಲಾ ಹಿಂಗೇ ಕಲ್ತೀವಿ. ಒಮ್ಮಿ ಕಲ್ತಿದ್ದು ಸಾಯೂತನಾ ಮರಿಯಂಗಿಲ್ಲ."

"ಅತ್ತಿ, ಅದು ಓದೂದಲ್ರಿ. ಬಾಯಿಪಾಠ ಅದು."

"ಪುಸ್ತಕದಾಗಿಂದು ಬಾಯಿಗಿ ಬಂತು. ಇನ್ನೇನು ಬೇಕ್ರಿ ನಿಮಗ?"

ಅವರು ಮೋಸ ಮಾಡಿರಲಿಲ್ಲ. ತಮಗೆ ಗೊತ್ತಿದ್ದ ಅತ್ಯುತ್ತಮ ವಿದ್ಯೆಯನ್ನೇ ಮೊಮ್ಮಗಳಿಗೆ ಕೊಟ್ಟಿದ್ದರು. ಶಾಲೆ ತೆರೆಯಲು ಎರಡು ವಾರವೂ ಉಳಿದಿರಲಿಲ್ಲ.

ಅಂದು ರಾತ್ರಿಪಾಳಿಯಲ್ಲಿದ್ದ ಹೆಂಡತಿಗೆ ಫೋನಿನಲ್ಲಿ ಎಲ್ಲ ಹೇಳಿದೆ. "ಆಕಿಗಿ ಬೈಯಬ್ಯಾಡ್ರಿ," ಎಂದಷ್ಟೇ ಹೇಳಿ ಇಟ್ಟಳು.

ಬೇಸಿಗೆಯಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಬೇಗ ತೆರೆದು ಮಧ್ಯಾಹ್ನಕ್ಕೇ ಮುಚ್ಚುತ್ತವೆ. ಸುದ್ದಿಯ ಓಡಾಟವೂ ಆ ಹೊತ್ತಿಗೆ ಮುಗಿಯುತ್ತದೆ, ಕಳಿಸುವುದು ಸಂಜೆಗೆ. ಮರುದಿನದಿಂದ ಮಧ್ಯಾಹ್ನದ ಬಸ್ಸು ಹಿಡಿದು ಹುಮನಾಬಾದ್‌ಗೆ ಹೋಗತೊಡಗಿದೆ. ಕಿಟಕಿಯ ಸರಳು ಮುಟ್ಟಿದರೆ ಕೈ ಸುಡುವಂಥ ಬಿಸಿಲು. ಹೋಗಿ ದೊಡ್ಡವಳೆದುರು ಪುಸ್ತಕ ಹಿಡಿದು ಕೂರುತ್ತಿದ್ದೆ.

ಅವಳು ಓದಲಿಲ್ಲ. ಹೊಟ್ಟೆನೋವು ಎಂದಳು. ನೀರಡಿಕೆ ಎಂದಳು. ಒಂದು ದಿನ ಮಂಚದ ಕೆಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ತಂಗಿ ಇದ್ದರೆ ಬಾಯಿಯೇ ತೆರೆಯುತ್ತಿರಲಿಲ್ಲ, ಆದ್ದರಿಂದ ಚಿಕ್ಕವಳನ್ನು ಆಯಿಯ ಮನೆಗೆ ಕಳಿಸುತ್ತಿದ್ದೆವು. ನಾನು ದನಿ ಏರಿಸಿದೆ. ಬೈಯಬೇಡಿ ಎಂದಿದ್ದ ಹೆಂಡತಿಯ ಮಾತು ಕಿವಿಯಲ್ಲಿದ್ದಾಗಲೇ ಏರಿಸಿದೆ.

"ಎಲ್ಲಾರಿಗೂ ಸೂಟಿ ಅದ," ಎಂದಳು ಮಂಚದ ಕೆಳಗಿಂದ. "ನಂಗೊಬ್ಬಾಕಿಗೇ ಯಾಕ ಇಲ್ಲ?"

ನಾನು ಪುಸ್ತಕ ಮುಚ್ಚಿ ಎದ್ದೆ. ಬಸ್ಸಿನಲ್ಲಿ ವಾಪಸು ಬರುವಾಗ, ಮುಖ್ಯ ಶಿಕ್ಷಕಿ ಕೇಳಿದ ಒಪ್ಪಿಗೆಯನ್ನು ಯಾವ ಪದಗಳಲ್ಲಿ ಬರೆಯುವುದು ಎಂದು ಮನಸ್ಸು ತಾನಾಗಿ ವಾಕ್ಯ ಕಟ್ಟುತ್ತಿತ್ತು. ಅದನ್ನು ನಿಲ್ಲಿಸಲು ಕಿಟಕಿಯ ಹೊರಗಿನ ಬೋರ್ಡುಗಳನ್ನು ಓದುತ್ತ ಕೂತೆ.

ಮುಂದೊಂದು ಮಧ್ಯಾಹ್ನ ಕರೆಂಟು ಹೋಗಿತ್ತು. ನಾನು ಪುಸ್ತಕ ತೆಗೆಯಲಿಲ್ಲ, ತೆಗೆಯುವ ಶಕ್ತಿ ಇರಲಿಲ್ಲ. ಒಬ್ಬರ ಪತ್ರಿಕಾ ಹೇಳಿಕೆಯ ಹಿಂಬದಿಯಲ್ಲಿ ಅಂದಿನ ಸುದ್ದಿಯ ಟಿಪ್ಪಣಿ ಮಾಡುತ್ತಿದ್ದೆ. ಅವಳು ನನಗೆ ಬೆನ್ನು ಮಾಡಿ ಕೂತಿದ್ದಳು. ಕೂತಲ್ಲೇ, ನನ್ನನ್ನು ಅಣಕಿಸಲೆಂದು, ನನ್ನದೇ ದನಿಯಲ್ಲಿ ಶುರುಮಾಡಿದಳು.

"ಹುಮನಾಬಾದ್: ಇವತ್ತು ಅಜ್ಜಿ ಶ್ಯಾವಿಗಿ ಮ್ಯಾಲ ಆಡು ಹತ್ತಿ ನಿಂತದ. ಆಯಿ ಕೋಲು ತಗೊಂಡು ಓಡ್ಯಾಳ. ಆಡು ಸಿಕ್ಕಿಲ್ಲ. ಆಯಿ ಬಿದ್ದಾಳ."

ಊರಿನ ಹೆಸರು ಹೇಳಿ ಯಾರಾದರೂ ಸುದ್ದಿ ಶುರುಮಾಡಿದರೆ ನನ್ನ ಕೈ ನನ್ನನ್ನು ಕೇಳದೆ ಬರೆದುಕೊಳ್ಳುತ್ತದೆ. ಬರೆದುಕೊಂಡೆ, ಅವಳ ಮಾತಿನಲ್ಲೇ, ದೊಡ್ಡ ಅಕ್ಷರದಲ್ಲಿ. ಕೊನೆಗೆ ಹಳೆಯ ಚಾಳಿಯಿಂದ ಒಂದು ಸಾಲು ಸೇರಿಸಿದೆ: ಕೆಲಕಾಲ ಆತಂಕದ ವಾತಾವರಣ ಉಂಟಾಗಿತ್ತು. ಹಾಳೆಯನ್ನು ಅವಳ ಪಕ್ಕ ಸರಿಸಿದೆ. "ಬರೋಬ್ಬರಿ ಬರದೀನಾ ನೋಡು."

ಅವಳು ವಾರೆಗಣ್ಣಿನಿಂದ ನೋಡಿದಳು. ಬೆರಳಿಟ್ಟು ಓದಿದಳು. ಅದೂ ಬಾಯಿಪಾಠವೇ ಎಂದು ನನಗೆ ಗೊತ್ತಿತ್ತು, ಅವಳೇ ಈಗಷ್ಟೇ ಆಡಿದ ಮಾತು. "ಆಯಿ ಬಿದ್ದಾಳ" ಎಂದು ಮುಗಿಸಿದಳು. ಆದರೆ ಹಾಳೆಯಲ್ಲಿ ಇನ್ನೂ ಅಕ್ಷರಗಳಿದ್ದವು. ಬೆರಳು ನಿಂತಿತು.

"ಇದೇನು? ನಾ ಇಷ್ಟೇ ಹೇಳೀನಿ."

ನಾನು ಪೆನ್ನನ್ನು ಜೇಬಿಗೆ ಸಿಕ್ಕಿಸಿದೆ.

"ಕೆ... ಕೆಲ... ಕೆಲಕಾಲ. ಆ... ತಂ... ಆತಂಕದ..." ಅಲ್ಲಿಂದ ಮುಂದೆ ಅವಳ ಹುಬ್ಬು ಗಂಟಿಕ್ಕಿತು. ಮತ್ತೆ ಮೊದಲಿಂದ ಬಂದಳು. ಹಣೆಯಿಂದ ಬೆವರು ಹಾಳೆಯ ಮೇಲೆ ಬಿತ್ತು. ವಾಕ್ಯ ಮುಗಿದಾಗ ಸಿಟ್ಟಿನಿಂದ ನನ್ನತ್ತ ತಿರುಗಿದಳು.

"ನಾ ಇದು ಹೇಳೇ ಇಲ್ಲ! ಸುಳ್ಳು ಬರ್ದಿ. ಆತಂಕ ಯಾರಿಗಿ ಆಗಿತ್ತು? ಆಡಿಗಾ?"

ಒಳಗಿಂದ ಅತ್ತೆ ನಕ್ಕರು. ನನಗೆ ನಗು ಬರಲಿಲ್ಲ. ಯಾರೂ ಮುಂದೆ ಹೇಳಿಕೊಡದ ಒಂದು ಸಾಲನ್ನು ಅವಳು ಓದಿದ್ದಳು.

ಅಂದಿನಿಂದ ಪುಸ್ತಕ ಮುಚ್ಚಿಟ್ಟೆವು. ಅವಳು ಸುದ್ದಿ ಹೇಳುವುದು, ನಾನು ಬರೆಯುವುದು, ನಡುವೆ ಎಲ್ಲೋ ಅವಳು ಹೇಳದ ಮಾತೊಂದನ್ನು ಸೇರಿಸುವುದು. "ಇವತ್ತು ಎಲ್ಲಿ ಖೊಟ್ಟಿ ಬರ್ದಿ?" ಎಂದು ಕೇಳಿ ಹುಡುಕುತ್ತಿದ್ದಳು. ಸಿಕ್ಕರೆ ತಂಗಿಗೂ ತೋರಿಸುತ್ತಿದ್ದಳು. ಸಿಗದ ದಿನ ಹಾಳೆಯನ್ನು ಮುದುಡಿ ಎಸೆಯುತ್ತಿದ್ದಳು. ಸಿಗದ ದಿನಗಳೇ ಹೆಚ್ಚು. ಒತ್ತಕ್ಷರಗಳು ಎರಡು ಬಂದರೆ ಅವಳು ಅಲ್ಲೇ ಕೂತುಬಿಡುತ್ತಿದ್ದಳು. ಮೂರನೆಯ ತರಗತಿಯ ಪಾಠದಲ್ಲಿ ಆಯಿ ಇರುವುದಿಲ್ಲ, ಆಡೂ ಇರುವುದಿಲ್ಲ ಎಂಬುದು ನನಗೆ ಪ್ರತಿ ಬಸ್ಸಿನಲ್ಲೂ ನೆನಪಾಗುತ್ತಿತ್ತು. ದಿನಗಳು ಸಾಲಲಿಲ್ಲ.

ಶಾಲೆ ತೆರೆದ ದಿನ ನಾನು, ಹೆಂಡತಿ, ದೊಡ್ಡವಳು ಮೂವರೂ ಮುಖ್ಯ ಶಿಕ್ಷಕಿಯ ಕೋಣೆಗೆ ಹೋದೆವು. ಹೊರಗೆ ಹೊಸ ಪ್ರವೇಶಕ್ಕೆ ಬಂದವರ ಸಾಲು. ಮುಖ್ಯ ಶಿಕ್ಷಕಿ ಮೂರನೆಯ ತರಗತಿಯ ಪುಸ್ತಕದಲ್ಲಿ ಒಂದು ಪುಟ ತೆರೆದು ಅವಳ ಮುಂದಿಟ್ಟರು. ಕೆರೆಯ ಬಗ್ಗೆ ಒಂದು ಪಾಠ.

ಮೊದಲ ಸಾಲಿಗೆ ಅವಳು ತೆಗೆದುಕೊಂಡ ಹೊತ್ತಿನಲ್ಲಿ, ಚಿಕ್ಕವಳಾಗಿದ್ದರೆ ಇಡೀ ಪುಟ ಮುಗಿಸುತ್ತಿದ್ದಳು. ಎರಡನೆಯ ಸಾಲಿನಲ್ಲಿ ಎರಡು ಕಡೆ ನಿಂತಳು. ಮೂರನೆಯದರಲ್ಲಿ ಒಂದು ಪದವನ್ನು ತಪ್ಪಾಗಿ ಓದಿ, ಹಿಂದೆ ಬಂದು, ತಾನೇ ಸರಿಮಾಡಿಕೊಂಡಳು. ಮುಖ್ಯ ಶಿಕ್ಷಕಿ ಗಡಿಯಾರ ನೋಡಿದರು.

"ಸಾಕವ್ವ," ಎಂದರು. ಒರಟಾಗಿ ಹೇಳಲಿಲ್ಲ. ಒಪ್ಪಿಗೆ ಬರೆಯಲೆಂದು ಒಂದು ಬಿಳಿ ಹಾಳೆಯನ್ನು ನನ್ನ ಕಡೆ ಸರಿಸಿದರು. "ನೋಡಿದ್ರಲ್ರಿ, ಸರ್. ಹಿಂಗಾದ್ರ ಹ್ಯಾಂಗ ನಡೀತದ ಹೇಳ್ರಿ."

ಹೆಂಡತಿ ನನ್ನ ಕೈ ನೋಡುತ್ತಿದ್ದಳು. ಜೇಬಿನಲ್ಲಿ ಪೆನ್ನಿತ್ತು. ನಾನು ತೆಗೆಯಲಿಲ್ಲ.

"ಒಂದು ಪುಟ ಓದಸ್ತೀನಿ ಅಂದಿದ್ರಿ, ಮೇಡಂ. ಪುಟ ಇನ್ನಾ ಮುಗದಿಲ್ರಿ."

"ಮುಗಿಯೂದು ಯಾವಾಗ್ರಿ?"

"ಗೊತ್ತಿಲ್ರಿ," ಎಂದೆ.

ಯಾರೋ ಬಾಗಿಲಿನಿಂದ ಇಣುಕಿದರು. ಮುಖ್ಯ ಶಿಕ್ಷಕಿ ನನ್ನನ್ನು ನೋಡಿದರು, ಮಗಳನ್ನು ನೋಡಿದರು. ಅವಳು ಪುಸ್ತಕದಿಂದ ಬೆರಳು ತೆಗೆದಿರಲಿಲ್ಲ. ನಾವು ಮಾತಾಡಿದ್ದು ಕೇಳಿಸಿತೋ ಇಲ್ಲವೋ, ತುಟಿಗಳು ಅಲುಗುತ್ತಿದ್ದವು. ಮುಖ್ಯ ಶಿಕ್ಷಕಿ ಬಾಗಿಲಲ್ಲಿದ್ದವರಿಗೆ ಕೈಸನ್ನೆಯಲ್ಲೇ ನಿಲ್ಲಲು ಹೇಳಿ ಕುರ್ಚಿಗೆ ಒರಗಿದರು.

ಮಗಳು ನಾಲ್ಕನೆಯ ಸಾಲಿನ ಮೊದಲ ಅಕ್ಷರ ಹೇಳಿದಳು.