ಗಟ್ಟಿಯಾಗುವಷ್ಟು ಹೊತ್ತು

ಟಪ್, ಟಪ್. ಉಗುರಿನಿಂದ ಪ್ಲಾಸ್ಟರಿನ ಅಚ್ಚನ್ನು ತಟ್ಟಿ ಅವಳು ಕಿವಿಗೊಟ್ಟಳು. ಒದ್ದೆ ಗೋಡೆಯನ್ನು ತಟ್ಟಿದ ಹಾಗೆ ಮಂದವಾದ ಸದ್ದು. ಗಟ್ಟಿಯಾಗಿದ್ದರೆ ಟಣ್ ಎನ್ನಬೇಕು. ಇನ್ನೂ ಹೊತ್ತಿದೆ; ಅಷ್ಟರಲ್ಲಿ ಅಮ್ಮನ ಕೆಲಸ ಮುಗಿಸಿಬಿಡಬಹುದು. ಏಪ್ರನ್ನಿನ ಜೇಬಿನಲ್ಲಿದ್ದ ಪುಟ್ಟ ಡಬ್ಬಿಯನ್ನು ಮುಟ್ಟಿ ನೋಡಿಕೊಂಡು ಹಿಂದಿನ ಕೋಣೆಯಿಂದ ಹೊರಬಂದಳು.

ಬೀದಿಗೆಲ್ಲ ಅವಳು ಹಲ್ಲಕ್ಕ. ದಂತವೈದ್ಯರು ಮೆತ್ತನೆಯ ಮುದ್ದೆಯಲ್ಲಿ ಒತ್ತಿ ತೆಗೆದು ಕಳಿಸುವ ಬಾಯಿಯ ಅಳತೆಗೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆದು, ಆ ಅಚ್ಚಿನ ಮೇಲೆ ಹಲ್ಲಿನ ಸೆಟ್ ಮಾಡಿಕೊಡುವುದು ಅವಳ ಕಸುಬು. ಮಗಳು ಹುಟ್ಟಿದಾಗ ಹೊರಗಿನ ಕೆಲಸ ಬಿಟ್ಟು, ಮೇಜು, ಉಜ್ಜುವ ಯಂತ್ರ ಎಲ್ಲವನ್ನೂ ಮನೆಯ ಹಿಂದಿನ ಕೋಣೆಗೇ ತಂದುಕೊಂಡಿದ್ದಳು. ಮನೆಯನ್ನೂ ಕೆಲಸವನ್ನೂ ಹೇಗಮ್ಮ ತೂಗಿಸುತ್ತೀಯ ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ.

"ಪ್ಲಾಸ್ಟರ್ ಗಟ್ಟಿಯಾಗೋವರೆಗೂ ನಾನು ಮನೆಯವರ ಪಾಲು. ಆಮೇಲೆ ಊರಿನವರ ಬಾಯಿ ಪಾಲು."

ಕೇಳಿದವರು ಭೇಷ್ ಎನ್ನುತ್ತಿದ್ದರು. ಅವಳಿಗೂ ಒಳಗೊಳಗೇ ಜಂಬವಿತ್ತು. ಅಡುಗೆ ಆಗಿದ್ದು, ಮಗಳಿಗೆ ಜಡೆ ಹೆಣೆದಿದ್ದು, ಗಂಡನ ಜ್ವರಕ್ಕೆ ಮಾತ್ರೆ ಸಿಕ್ಕಿದ್ದು ಎಲ್ಲ ಆ ಹೊತ್ತಿನಲ್ಲೇ. ಜಗಳಗಳು ಅರ್ಧಕ್ಕೇ ನಿಲ್ಲುತ್ತಿದ್ದವು. "ನಮ್ಮನೇಲಿ ಮುನಿಸ್ಕೊಳ್ಳೋಕೂ ಪುರುಸೊತ್ತಿಲ್ಲ ಕಣ್ರೀ" ಎಂದು ಗಂಡ ಬಂದವರೆದುರು ನಗುತ್ತಿದ್ದ. ಬರಬರುತ್ತಾ ನಗುವುದನ್ನು ಬಿಟ್ಟ. ಮಗಳು ಚಿಕ್ಕವಳಿದ್ದಾಗ ಒಮ್ಮೆ, ಅಮ್ಮ ಎದ್ದು ಹೋಗದಿರಲಿ ಎಂದು, ಗಟ್ಟಿಯಾಗುತ್ತಿದ್ದ ಅಚ್ಚಿಗೆ ಒಂದು ಚೊಂಬು ನೀರು ಸುರಿದಿದ್ದಳು. ಅಚ್ಚು ಹಾಳಾಯಿತು, ಎಳೆಯ ಬೆನ್ನಿನ ಮೇಲೆ ಐದೂ ಬೆರಳು ಮೂಡಿದವು. ಅಂದಿನಿಂದ ಮಗಳು ತಾನೇ ಹೋಗಿ ತಟ್ಟಿ ನೋಡಿ, ಗಟ್ಟಿಯಾದ ಕೂಡಲೇ ಕೂಗಿ ಹೇಳುವುದನ್ನು ಕಲಿತಳು. ಜಾಣೆ ಎಂದು ಹಲ್ಲಕ್ಕ ಹೊಗಳಿದಳು.

ಹಲ್ಲಕ್ಕನ ಅಮ್ಮ ನಡುಮನೆಯ ಕಿಟಕಿಯ ಪಕ್ಕ ಕೂತಿದ್ದಳು. ಒಂದು ಕಾಲಕ್ಕೆ ಶಾಲೆಯ ಟೀಚರ್. ದನಿ ಎತ್ತಿದರೆ ಕೊನೆಯ ಬೆಂಚೂ ನೆಟ್ಟಗೆ ಕೂರುತ್ತಿತ್ತು. ಹಲ್ಲೆಲ್ಲ ಕೀಳಿಸಿದ ಮೇಲೆ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು, ಹೊರಗಿನವರ ಮುಂದೆ ಹೂಂ, ಉಹೂಂ ಎಂದಷ್ಟೇ ಅನ್ನುತ್ತಾಳೆ. ಅವಳ ಬಾಯಿಯ ಅಳತೆಯನ್ನು ಡಾಕ್ಟರು ಕೀಳಿಸಿದ ಹೊಸದರಲ್ಲೇ ತೆಗೆದುಕೊಟ್ಟಿದ್ದರು. ಮನೆಯವರ ಹಲ್ಲು ತಾನೇ, ಮೊದಲು ಹೊರಗಿನವರದು ಮುಗಿಯಲಿ ಎಂದು ಆ ಅಚ್ಚು ವರ್ಷಗಟ್ಟಲೆ ಶೆಲ್ಫಿನ ಮೇಲೆ ಧೂಳು ತಿಂದಿತು. ನಾಳೆ ಹಳೆಯ ವಿದ್ಯಾರ್ಥಿಗಳ ಸಭೆ. ಟೀಚರ್ ನಾಲ್ಕು ಮಾತಾಡಲೇಬೇಕೆಂದು ಅವರ ಹಟ. ಹಲ್ಲು ಬಂದರೆ ಬರುತ್ತೇನೆ ಎಂದು ಅಮ್ಮ ಒಪ್ಪಿದ್ದಳು.

"ಬಾಯಿ ತೆಗಿಯಮ್ಮ."

ಡಬ್ಬಿ ತೆರೆದು ಮೇಲಿನ ಸೆಟ್ಟನ್ನು ಕೂರಿಸಿದಳು, ಕೆಳಗಿನದನ್ನು ಕೂರಿಸಿದಳು. "ಈಗ ಮಾತಾಡು ನೋಡೋಣ."

"ಮಕ್ಕಳೇ" ಎನ್ನುವಷ್ಟರಲ್ಲಿ ಮೇಲಿನ ಸೆಟ್ ಕಳಚಿ ನಾಲಿಗೆಯ ಮೇಲೆ ಬಿತ್ತು. ಒತ್ತಿ ಕೂರಿಸಿದರೆ ಮತ್ತೆ ಬಿತ್ತು.

ಹಲ್ಲಿಲ್ಲದ ಒಸಡು ಸವೆಯುತ್ತಲೇ ಇರುತ್ತದೆ. ಹಳೆಯ ಅಳತೆಗೆ ಹಲ್ಲು ಮಾಡಿಕೊಡಿ ಎಂದ ಡಾಕ್ಟರೊಬ್ಬರನ್ನು ಫೋನಿನಲ್ಲೇ ಗದರಿದವಳು ಅವಳು. ಆದರೆ ಅಮ್ಮನನ್ನು ಕರೆದೊಯ್ದು, ಸರದಿಗೆ ಕಾದು, ಹೊಸ ಅಳತೆ ತೆಗೆಸಲು ಇಡೀ ಒಂದು ಬೆಳಗು ಬೇಕಿತ್ತು. ಅಷ್ಟು ಹೊತ್ತು ಯಾವ ಪ್ಲಾಸ್ಟರೂ ಕೊಡುವುದಿಲ್ಲ. ಹೇಗೋ ಸರಿಹೋದೀತು ಎಂದು ಶೆಲ್ಫಿನ ಹಳೆಯ ಅಚ್ಚಿನ ಮೇಲೇ ಮಾಡಿಬಿಟ್ಟಿದ್ದಳು.

"ಸ್ವಲ್ಪ ಉಜ್ಜಿದ್ರೆ ಸರಿಹೋಗುತ್ತಮ್ಮ."

"ಸುಳ್ಳು ಹೇಳ್ಬೇಡ, ಹಲ್ಲಕ್ಕ." ಅಮ್ಮ ಎಂದೂ ಅವಳನ್ನು ಆ ಅಡ್ಡಹೆಸರಿನಿಂದ ಕರೆದಿರಲಿಲ್ಲ. ಸೆಟ್ಟನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದಳು. "ಚೆನ್ನಾಗೇ ಮಾಡಿದೀಯ. ಆದ್ರೆ ಇದು ಆಗಿನ ನನ್ನ ಬಾಯಿಗೆ. ಆ ಬಾಯಿ ಹೋಗಿ ಎಷ್ಟು ಕಾಲ ಆಯ್ತೋ. ಒಂದೇ ಮನೇಲಿದ್ದೂ ನೀನು ನೋಡ್ಲೇ ಇಲ್ಲ."

"ಬಿಡುವು ಎಲ್ಲಿತ್ತಮ್ಮ, ನೀನೇ ಹೇಳು..."

"ಹೋಗ್ಲಿ ಬಿಡು. ನಾಳೆ ನಾನು ಹೋಗಲ್ಲ." ಅಮ್ಮ ಕರವಸ್ತ್ರವನ್ನು ಮಡಚಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. "ಅಲ್ಲಿ ಹೇಳ್ಬೇಕು ಅಂತಿದ್ದದ್ದನ್ನ ಇಲ್ಲೇ ಹೇಳ್ತೀನಿ. ನೀನೊಬ್ಬಳು ಕೇಳಿದ್ರೆ ಸಾಕು. ಕೂತ್ಕೋ."

ಹಲ್ಲಕ್ಕ ಕುರ್ಚಿಯ ತುದಿಯಲ್ಲಿ ಕೂತಳು. ಅಮ್ಮ ತರಗತಿಯಲ್ಲಿ ನಿಂತವಳ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡಳು. ಅರ್ಧ ಅಕ್ಷರಗಳು ಗಾಳಿಯಾಗಿ ಹೋಗುತ್ತಿದ್ದವು.

"ಮಕ್ಕಳೇ, ನಿಮಗೆಲ್ಲ ಪಾಠ ಹೇಳ್ತಿದ್ದಾಗ ನಮ್ಮನೇಲೂ ಒಂದು ಮಗು ಇತ್ತು. ಸಾಯಂಕಾಲ ನಾನು ಬರೋ ಹೊತ್ತಿಗೆ ಬಾಗಿಲಲ್ಲೇ ನಿಂತಿರೋದು, ಏನೋ ಹೇಳೋಕೆ. ನಾನು ನಿಮ್ಮ ಪುಸ್ತಕದ ಕಟ್ಟು ಹೊತ್ಕೊಂಡು..."

ಹಿಂದಿನ ಕೋಣೆಯಲ್ಲಿ ಟಣ್ ಎಂದಿತು. ಅದರ ಬೆನ್ನಿಗೇ ಮಗಳ ದನಿ. "ಅಮ್ಮಾ, ಗಟ್ಟಿಯಾಯ್ತು!"

ಹಲ್ಲಕ್ಕ ಎದ್ದು ನಿಂತಿದ್ದಳು. ಯಾವಾಗ ಎದ್ದಳೋ ಅವಳಿಗೇ ತಿಳಿಯಲಿಲ್ಲ.

"ಹೇಳ್ತಾ ಇರಮ್ಮ, ಬಂದೆ."

ಅಮ್ಮ ಮಾತು ನಿಲ್ಲಿಸಲಿಲ್ಲ. "ಆ ಮಗೂಗೆ ದಿನಾ ಏನು ಹೇಳ್ತಿದ್ದೆ ಗೊತ್ತಾ..."

ಏಪ್ರನ್ನಿನ ದಾರ ಬಿಗಿದುಕೊಳ್ಳುತ್ತಾ ಹಲ್ಲಕ್ಕ ಹಿಂದಿನ ಕೋಣೆಯ ಹೊಸ್ತಿಲು ದಾಟಿದಳು.