ಹಾಜಿರಾ ಸಾಕಿದ ಕಡಸು

ಕಮಲಾಪುರದ ಹಾಜಿರಾ ಮದುವೆಯಾಗಿ ಕಲಬುರಗಿಗೆ ಬಂದದ್ದು ಎಂಬತ್ತರ ದಶಕದ ಕೊನೆಗೆ. ಆಗಿನ್ನೂ ಅವಳಿಗೆ ಹದಿನೈದು ತುಂಬಿರಲಿಲ್ಲ. ಗಂಡ ಖಮರುದ್ದೀನನ ಮನೆ ಸೂಪರ್ ಮಾರ್ಕೆಟ್ ಹಿಂದಿನ ಓಣಿಯಲ್ಲಿತ್ತು. ಹಿತ್ತಲಿನಲ್ಲಿ ಕೆಲವು ಆಕಳಿದ್ದವು. ಹಾಲು ಜಗತ್ ವೃತ್ತದ ಚಹಾದಂಗಡಿಗಳಿಗೆ ಹೋಗುತ್ತಿತ್ತು. ಕರುಗಳು ಮಾತ್ರ ಉಳಿಯುತ್ತಿರಲಿಲ್ಲ. ಆಕಳು ಈದ ಕೂಡಲೇ ಗಿಣ್ಣದ ಹಾಲನ್ನು ಓಣಿಗೆಲ್ಲ ಹಂಚುವ ರೂಢಿ. ಕರುವಿಗೆ ಸಿಗುತ್ತಿದ್ದುದು ಮಿಕ್ಕಿದ್ದಷ್ಟೇ.

ವರ್ಷದೊಳಗೆ ಹಾಜಿರಾ ಹೆತ್ತಳು. ಹೆರಿಗೆ ಬಹಳ ಕಾಡಿತು, ಕೂಸು ಉಳಿಯಲಿಲ್ಲ. ಬಾಣಂತನ ಮುಗಿಯುವ ಮೊದಲೇ ಹಿತ್ತಲಲ್ಲಿ ಆಕಳೊಂದು ಈದಿತು. ಅವಳು ಎದ್ದು ಹೋಗಿ ಒದ್ದೆ ಕರುವನ್ನು ಗೋಣಿಚೀಲದಿಂದ ಒರೆಸಿ, ಹೊಕ್ಕಳಿಗೆ ಔಷಧ ಹಚ್ಚಿ, ಯಾರೇನೆಂದರೂ ಕೇಳದೆ ಗಿಣ್ಣದ ಹಾಲನ್ನು ಅದಕ್ಕೇ ಕುಡಿಸಿದಳು. ಹೆಣ್ಣುಗರು ಬದುಕಿತು. ಅದರ ಹಿಂದೆ ಹುಟ್ಟಿದವೂ ಬದುಕಿದವು.

ಅಲ್ಲಿಂದ ಅವಳಿಗೆ ತವರು ದೂರವಾಯಿತು. ಅಣ್ಣನ ನಿಕಾಹಕ್ಕೆಂದು ಚೀಲ ಹಿಡಿದು ಹೊರಟವಳನ್ನು ಅತ್ತೆ ಮಸ್ತಾನಬಿ ಬಾಗಿಲಲ್ಲೇ ತಡೆದಳು.

"ನೀ ಹೋದ್ರ ಕರುಗೋಳಿಗಿ ಯಾರು ನೋಡ್ತಾರ? ಸಣ್ಣದಕ್ಕ ಜುಲಾಬ ಹತ್ತ್ಯಾದ."

ಗಂಡ ಹಾಲಿನ ಕ್ಯಾನು ತೊಳೆಯತೊಡಗಿದ. ಕರುವಿಗೆ ಭೇದಿ ಹತ್ತಿದ್ದು ಸುಳ್ಳಾಗಿದ್ದರೆ ಹಾಜಿರಾ ಜಗಳವಾಡುತ್ತಿದ್ದಳು. ಚೀಲ ಇಳಿಸಿ ಹಿತ್ತಲಿಗೆ ನಡೆದಳು. ನಿಕಾಹ ಮುಗಿದ ಮೇಲೆ ತಾಯಿ ಬಸ್ಸಿನವರ ಕೈಲಿ ಊರಿನ ಕೆಂಪು ಬಾಳೆಹಣ್ಣು ಕಳಿಸಿದಳು. ಹಾಜಿರಾ ಅದನ್ನು ಓಣಿಯ ಮಕ್ಕಳಿಗೆ ಹಂಚಿಬಿಟ್ಟಳು.

ಆ ಮೊದಲ ಕರು ಕಡಸಾಗಿ ಬೆದೆಗೆ ಬಂತು. ಗಂಡನ ಅಣ್ಣ ಇನಾಯತ್ ಖುಷಿಯಾದ. "ನಾಳೆ ದನದ ಡಾಕ್ಟರಿಗಿ ಕರಕೊಂಡು ಬರ್ತೀನಿ. ಗಬ್ಬದ ಸೂಜಿ ಹಾಕಿಸಿಬಿಡೋಣು."

"ಬ್ಯಾಡ ಭಾಯಿ," ಎಂದಳು ಹಾಜಿರಾ. "ಬೆದಿಗಿ ಬಂದಾದ ಖರೆ, ಇನ್ನಾ ಮೈ ತುಂಬಿಲ್ಲ. ಈಗ ಗಬ್ಬಾದ್ರ ಈಯೋ ಮುಂದ ಸಾಯ್ತದ."

ಮಸ್ತಾನಬಿ ಮಗನ ಕಡೆ ತಿರುಗಿದಳು. "ಆಕಿ ಖರೇನೇ ಹೇಳ್ತಾಳ. ಸಣ್ಣದದ, ಪಾಪ. ಇನ್ನೊಂದು ವರ್ಷ ತಡಿ."

ಹಾಜಿರಾ ಕೈಯಲ್ಲಿದ್ದ ಹುಲ್ಲು ಕೆಳಗಿಟ್ಟಳು. "ಅಮ್ಮಾ, ನಾನೂ ಸಣ್ಣಾಕಿನೇ ಇದ್ದೆ."

ಇನಾಯತ್ ಹೊರಗೆ ಹೋದ. ಮಸ್ತಾನಬಿ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಸರಿದಳು.

ಮರುದಿನ ಅತ್ತೆಯೇ ಅವಳ ಚೀಲ ತಂದು ಮುಂದಿಟ್ಟಳು. "ಹೋಗಿ ಬಾ. ಕರುಗೋಳಿಗಿ ನಾ ನೋಡ್ತೀನಿ."

ಕಮಲಾಪುರದಲ್ಲಿ ತಾಯಿ ಅವಳನ್ನು ಅಪ್ಪಿಕೊಂಡು ಅತ್ತಳು. ಹಾಜಿರಾಳೂ ಅತ್ತಳು. ಆದರೆ ಸಂಜೆ ಕರುಗಳಿಗೆ ಹಾಲು ಕುಡಿಸುವ ಹೊತ್ತಾದಂತೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. "ನಾಕು ದಿನ ಇರವ್ವಾ," ಎಂದು ತಾಯಿ ಕೈ ಹಿಡಿದಳು. ಬೆಳಿಗ್ಗೆ ಮೊದಲ ಬಸ್ಸಿಗೇ ಹಾಜಿರಾ ಹೊರಟುಬಿಟ್ಟಳು. ಈ ಸಲ ಅವಳನ್ನು ಯಾರೂ ತಡೆದಿರಲಿಲ್ಲ, ವಾಪಸು ಕರೆದೂ ಇರಲಿಲ್ಲ; ತಾನಾಗಿಯೇ ಹೊರಟಿದ್ದಳು. ಅದು ನೆನಪಾಗಿ, ದಾರಿಯಲ್ಲಿ ಮಹಾಗಾಂವ ದಾಟುವವರೆಗೂ ಅವಳು ಕಿಟಕಿಯ ಕಡೆ ಮುಖ ಮಾಡಿ ಅಳುತ್ತಲೇ ಇದ್ದಳು.